ವರ್ಮಾಂಟ್ ಮೇಡಂ

ಬಾಡಿಗೆ ಮನೆಯವರು ಒಂದು ರಸ್ತೆಗೆ ಇಲ್ಲವಾಗುವುದು ಸತ್ತಾಗಲ್ಲ, ಸಾಮಾನನ್ನು ಲಾರಿಗೆ ಹೇರಿದ ದಿನ. ಅಕ್ಕಪಕ್ಕದವರು ಗೇಟಿನ ಹತ್ತಿರ ನಿಂತು 'ಆಗಾಗ ಬರ್ತಾ ಇರಿ' ಎನ್ನುತ್ತಾರೆ. ಅವರು 'ಖಂಡಿತಾ' ಎನ್ನುತ್ತಾರೆ. ಸಂಜೆಯೊಳಗೆ ಅದೇ ಗೇಟಿಗೆ 'ಟು ಲೆಟ್' ಬೋರ್ಡು ಬಿದ್ದಿರುತ್ತದೆ. ನಮ್ಮ ರಸ್ತೆಗೆ ಹೀಗೆ ಎಷ್ಟೋ ಸಂಸಾರಗಳು ಬಂದವು, ಹೋದವು. ಮುಖ ನೆನಪಿದ್ದರೆ ಹೆಸರಿಲ್ಲ, ಹೆಸರಿದ್ದರೆ ಮುಖವಿಲ್ಲ. ಒಬ್ಬರನ್ನು ಮಾತ್ರ ಮರೆಯಲು ಆಗಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ 'ನನ್ನ ಒಪ್ಪಿಗೆ ತಗೊಂಡ್ರಾ?' ಎಂದು ಜಗಳಕ್ಕೆ ನಿಲ್ಲುತ್ತಾರೆ. ನಮ್ಮ ರಸ್ತೆಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ವರ್ಮಾಂಟ್ ಮೇಡಂ ಎಂದು.

ನಾವು ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಕಟ್ಟಿಸಿಕೊಂಡು ಬರುವ ಹೊತ್ತಿಗೇ ಅವರು ಎದುರು ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದರು. ಗೃಹಪ್ರವೇಶದ ದಿನ ಹೋಮದ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ, 'ಈ ರಸ್ತೆ ಚರಂಡಿ ಯಾವ ಕಡೆಗೆ ಹರೀಬೇಕು ಅಂತ ನಿಮ್ಮ ಅಭಿಪ್ರಾಯ?' ಎಂದು ಕೇಳಿದರು. ಊಟ ಮಾಡಿಕೊಂಡು ಹೋಗಿ ಎನ್ನಲು ತೆರೆದಿದ್ದ ನನ್ನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದವಳು 'ಅಯ್ಯೋ, ನಮ್ ಮೇಡಂ!' ಎಂದು ಓಡಿ ಹೋಗಿ ಅವರ ಕಾಲು ಮುಟ್ಟಿದಳು. ಕಾಲೇಜಿನಲ್ಲಿ ಅವಳಿಗೆ ರಾಜ್ಯಶಾಸ್ತ್ರ ಕಲಿಸಿದವರು ಇವರೇ.

'ಪಾಠ ಚೆನ್ನಾಗಿ ಮಾಡ್ತಿದ್ರಾ?' ಎಂದು ಆಮೇಲೆ ಕೇಳಿದೆ.

'ತುಂಬಾ ಚೆನ್ನಾಗಿ ಮಾಡ್ತಿದ್ರು,' ಎಂದಳು. 'ಪರೀಕ್ಷೆಗೆ ಬರದೇ ಇರೋದನ್ನೆಲ್ಲಾ.'

ಪರೀಕ್ಷೆಗೆ ಬಾರದ್ದರಲ್ಲಿ ಮುಖ್ಯವಾದದ್ದು ವರ್ಮಾಂಟ್. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾಕ್ಕೆ ಅಂಟಿಕೊಂಡಂತೆ ಇರುವ ಒಂದು ಪುಟ್ಟ ರಾಜ್ಯ. ವಿದೇಶಿ ಸರ್ಕಾರಗಳ ಬಗ್ಗೆ ಪಾಠ ಮಾಡಲು ಸಿದ್ಧವಾಗುತ್ತಿದ್ದಾಗ ಕಾಲೇಜಿನ ಲೈಬ್ರರಿಯಲ್ಲಿ, ಬೈಂಡು ಬಿಚ್ಚಿಹೋದ ಯಾವುದೋ ಪುಸ್ತಕದಲ್ಲಿ, ಅವರು ಒಂದು ಚಿತ್ರ ನೋಡಿದ್ದರಂತೆ. ಮರದ ಹಲಗೆಯ ಸಭಾಂಗಣ. ದಪ್ಪ ಕೋಟು ಹಾಕಿಕೊಂಡ ಊರ ಜನ ಬೆಂಚುಗಳ ಮೇಲೆ ಕೂತು ಕೈಯೆತ್ತಿದ್ದಾರೆ. ಒಬ್ಬ ಮುದುಕಿ ಒಂದು ಕೈಯಲ್ಲಿ ಹೆಣಿಗೆ ಹಿಡಿದೇ ಇನ್ನೊಂದು ಕೈಯೆತ್ತಿದ್ದಾಳೆ. ಅಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಿಗೆ ಊರೇ ಸೇರಿ, ರಸ್ತೆಗೆ ಎಷ್ಟು ಖರ್ಚು ಮಾಡಬೇಕು, ಶಾಲೆಗೆ ಎಷ್ಟು, ಹಿಮ ತೆಗೆಯುವ ಗಾಡಿ ಹೊಸದು ಬೇಕೇ ಬೇಡವೇ ಎಂದು ತಾವೇ ವಾದ ಮಾಡಿ ತಾವೇ ವೋಟು ಹಾಕುತ್ತಾರೆ. ಪ್ರತಿನಿಧಿಯೂ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಮಧ್ಯಾಹ್ನ ಒಟ್ಟಿಗೆ ಊಟ.

'ಆ ಮುದುಕಿ ಕೈ ನೋಡಿದ್ಮೇಲೆ ನಂಗೆ ಬೇರೆ ರಾಜ್ಯ ರುಚಿಸಲಿಲ್ಲ ಕಣ್ರೀ,' ಎನ್ನುತ್ತಿದ್ದರು.

ಹಾಗೆಂದು ಕುರುಡು ಅಭಿಮಾನವೇನೂ ಇರಲಿಲ್ಲ. ಸೊಪ್ಪಿನ ಗಾಡಿಯ ಹತ್ತಿರ ಯಾರಾದರೂ ಸುಮ್ಮನೆ ಕೆಣಕಿದರೆ ಸಾಕು, ಒಂದು ಕೈಯಲ್ಲಿ ದಂಟಿನ ಕಟ್ಟು ಹಿಡಿದುಕೊಂಡೇ ಆ ರಾಜ್ಯದ ಚರಿತ್ರೆ ಬಿಚ್ಚುತ್ತಿದ್ದರು. ಅದು ಅಮೆರಿಕಕ್ಕೆ ಸೇರುವ ಮುಂಚೆ ಕೆಲವು ವರ್ಷ ತನ್ನ ಪಾಡಿಗೆ ತಾನೇ ಒಂದು ದೇಶವಾಗಿತ್ತು. ಜಮೀನು ಇಲ್ಲದ ಗಂಡಸಿಗೂ ವೋಟು ಎಂದು ಅಷ್ಟು ಹಿಂದೆಯೇ ಬರೆದುಕೊಂಡಿತು. 'ಆದ್ರೆ ಹೆಂಗಸ್ರನ್ನ ನೂರು ವರ್ಷಕ್ಕೂ ಮೇಲೆ ಬಾಗಿಲಲ್ಲೇ ಕಾಯಿಸ್ತು. ಅದನ್ನೂ ಹೇಳ್ಬೇಕಲ್ವಾ?' ಎನ್ನುವರು. ಇನ್ನೊಂದು ಮಾತು ಅವರ ಬಾಯಲ್ಲಿ ಪದೇಪದೇ ಬರುತ್ತಿತ್ತು. ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ಆ ರಾಜ್ಯ ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೇ ಪಕ್ಷವನ್ನು ಹಿಡಿದುಕೊಂಡಿತ್ತು, ಆಮೇಲೆ ಪೂರ್ತಿ ಇನ್ನೊಂದು ಕಡೆಗೆ ಬಂತು. 'ಜನ ಮನಸ್ಸು ಬದಲಾಯಿಸ್ತಾರೆ ಕಣ್ರೀ. ಸ್ವಲ್ಪ ನಿಧಾನ, ಅಷ್ಟೆ.' ಸೊಪ್ಪಿನವಳು ಗಾಡಿ ತಳ್ಳಿಕೊಂಡು ಮುಂದಿನ ರಸ್ತೆಗೆ ಹೋಗಿರುತ್ತಿದ್ದಳು. ಮೇಡಂ ದುಡ್ಡು ಕೊಡಲು ಹಿಂದೆಯೇ ಓಡುತ್ತಿದ್ದರು.

ನಮ್ಮ ರಸ್ತೆಗೊಂದು ನಿವಾಸಿಗಳ ಸಂಘವಿದೆ. ಹೆಸರಿಗೆ ನಿವಾಸಿಗಳದ್ದು. ನಿಯಮದ ಪ್ರಕಾರ ಸೈಟಿನ ಮಾಲೀಕರಿಗೆ ಮಾತ್ರ ಸದಸ್ಯತ್ವ, ಮನೆಗೊಂದು ವೋಟು. ನಮ್ಮ ಮನೆ ಹೆಂಡತಿಯ ಹೆಸರಿನಲ್ಲಿರುವುದರಿಂದ ವೋಟು ಅವಳದು, ಕಾರ್ಯದರ್ಶಿಯ ಚಾಕರಿ ನನ್ನದು. ಅಧ್ಯಕ್ಷರು ಮೂಲೆ ಮನೆಯ ಯಜಮಾನರು. ಲೇಔಟ್ ಆಗುವ ಮುಂಚೆ ಇಲ್ಲೆಲ್ಲ ಅವರದೇ ರಾಗಿ ಹೊಲವಿತ್ತು. ಆ ಕಾಲದ ನಮ್ಮ ಸಭೆಗಳನ್ನು ನೆನೆದರೆ ಈಗಲೂ ತಲೆನೋವು ಬರುತ್ತದೆ. ಕಸದ ವಿಷಯಕ್ಕೆ ಶುರುವಾದ ಮಾತು ಯಾರದೋ ಮಗಳ ಮದುವೆಗೆ ಕರೆಯದಿದ್ದ ವಿಷಯಕ್ಕೆ ಹೋಗಿ ಮುಗಿಯುತ್ತಿತ್ತು. ಒಂದು ಸಲ ಬಿಸ್ಕತ್ತಿನ ತಟ್ಟೆಯೇ ಹಾರಿತು. ಆಗ ನನ್ನ ಹೆಂಡತಿ, 'ಮೇಡಂಗೆ ಹೇಳಿ, ಸಭೆ ಅವರೇ ನಡೆಸಲಿ. ಅರವತ್ತು ಹುಡುಗೀರನ್ನ ಸುಮ್ನಿರಿಸ್ತಿದ್ದೋರು,' ಎಂದಳು.

ಬಾಡಿಗೆಯವರು ಸಭೆ ನಡೆಸುವುದೇ ಎಂದು ಒಂದಿಬ್ಬರು ಮೂಗು ಮುರಿದರು. ಯಜಮಾನರೇ ಅದನ್ನು ಬಗೆಹರಿಸಿದರು. 'ಆಯಮ್ಮಂಗೆ ವೋಟಿಲ್ವಲ್ಲ, ಒಳ್ಳೇದೇ ಆಯ್ತು. ಯಾರ್ ಕಡೆಗೂ ವಾಲಲ್ಲ.'

ಮೇಡಂ ಬಂದವರೇ ಸಭೆಯನ್ನು ಮಾರ್ಚ್ ತಿಂಗಳಿಗೆ ಎಳೆದರು. ಮಂಗಳವಾರ ಯಾರಿಗೂ ರಜೆ ಇಲ್ಲ ಎಂದು ಗೋಗರೆದ ಮೇಲೆ ಮೊದಲ ಭಾನುವಾರಕ್ಕೆ ಒಪ್ಪಿದರು. ಚರ್ಚೆಯ ವಿಷಯಗಳನ್ನು ಒಂದು ತಿಂಗಳು ಮುಂಚೆಯೇ ಬೋರ್ಡಿಗೆ ಅಂಟಿಸಬೇಕು, ಅಂಟಿಸದ ವಿಷಯದ ಮೇಲೆ ತೀರ್ಮಾನವಿಲ್ಲ ಎಂದರು. ಮೇಜು ಕುಟ್ಟಲು ತಾಯಿಯ ಕಾಲದ ಹಿತ್ತಾಳೆ ಅಡಕೆ ಕುಟ್ಟಾಣಿ ತಂದರು. ಅದರ ಟಣ್ ಟಣ್ ಸದ್ದಿಗೆ ನಾವು ಎಷ್ಟು ಒಗ್ಗಿಹೋದೆವೆಂದರೆ ಅವರ ಮನೆಯಲ್ಲಿ ಏನಾದರೂ ಕುಟ್ಟಿದರೂ ನಾನು ಟಿವಿ ಸದ್ದು ಕಮ್ಮಿ ಮಾಡುತ್ತಿದ್ದೆ.

ಎಲ್ಲಕ್ಕಿಂತ ಕಷ್ಟದ ನಿಯಮವೆಂದರೆ, ಸಭೆಯಲ್ಲಿ ಯಾರೂ ಇನ್ನೊಬ್ಬರ ಜೊತೆ ನೇರವಾಗಿ ಮಾತಾಡುವಂತಿಲ್ಲ. ಏನು ಹೇಳುವುದಿದ್ದರೂ ಸಭೆ ನಡೆಸುವವರಿಗೇ ಹೇಳಬೇಕು. 'ಬೈಯೋದಿದ್ರೂ ನನ್ನ ಮುಖ ನೋಡ್ಕೊಂಡು ಬೈಯಿರಿ.' ವರ್ಮಾಂಟಿನಲ್ಲೂ ಹೀಗೇ ಅಂತೆ. ನಮ್ಮ ರಸ್ತೆಯಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಒಂದೇ ಸೈಟನ್ನು ಗೋಡೆ ಹಾಕಿ ಎರಡು ಮಾಡಿಕೊಂಡು, ಆ ಗೋಡೆ ಎದ್ದಾಗಿನಿಂದ ಮಾತು ಬಿಟ್ಟವರು. ಆ ವರ್ಷ ಅಣ್ಣ ಎದ್ದು, 'ಮೇಡಂ, ಅವನಿಗೆ ಹೇಳಿ, ಅವನ ಟ್ಯಾಂಕ್ ತುಂಬಿ ನೀರು ನಮ್ ಕಡೆ ಸುರಿಯತ್ತೆ' ಎಂದ. ತಮ್ಮ ಎದ್ದು, 'ಮೇಡಂ, ನೀರು ಸುರಿದ್ರೆ ಒಂದ್ ಕೂಗು ಹಾಕೋಕೆ ಬಾಯಿಲ್ವಾ ಅಂತ ಅವ್ನನ್ನ ಕೇಳಿ' ಎಂದ. ಮೇಡಂ ಒಂದಿಷ್ಟೂ ನಗದೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಚಾಚೂ ತಪ್ಪದೆ ದಾಟಿಸಿದರು. ಅವತ್ತಿನಿಂದ ಆ ಅಣ್ಣತಮ್ಮಂದಿರು ವರ್ಷಕ್ಕೊಂದು ಸಲ ಮಾರ್ಚ್ ತಿಂಗಳಲ್ಲಿ ಮಾತಾಡುತ್ತಿದ್ದರು. ಆದರೆ ವೋಟಿನ ವಿಷಯ ಬಂದರೆ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಇಬ್ಬರದೂ ವಜಾ ಆಗಿ ನನ್ನ ಎಣಿಕೆ ಸುಲಭವಾಗುತ್ತಿತ್ತು.

ಊಟಕ್ಕೆ ಪ್ರತಿ ಮನೆಯಿಂದ ಒಂದು ಪಾತ್ರೆ. ಇದಕ್ಕೆ ಮಾತ್ರ ಮಾಲೀಕರು ಬಾಡಿಗೆಯವರು ಎಂಬ ಭೇದವಿರಲಿಲ್ಲ. ಯಜಮಾನರ ಮನೆಯಿಂದ ಮುದ್ದೆ ಸೊಪ್ಪಿನ ಸಾರು, ನಮ್ಮ ಮೇಲಿನ ಮನೆಯ ಬಾಡಿಗೆಯಾಕೆಯ ಪುಳಿಯೋಗರೆ. ಆಕೆಯ ಗಂಡ ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಆ ಪುಳಿಯೋಗರೆಗೆ ಜನ ಸಾಲು ತಪ್ಪಿಸಿ ನುಗ್ಗುತ್ತಿದ್ದರು. ಮೇಡಂ ತರುತ್ತಿದ್ದದ್ದು ಮೊಸರನ್ನ. ಅವರ ಅಡುಗೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಶುಂಠಿ ಅಷ್ಟು ಬೇಕಿರಲಿಲ್ಲ.

ಇನ್ನು ಫ್ಯಾನಿನ ಕಥೆ. ನಮ್ಮ ಜನ ಎದುರೆದುರು ಯಾರಿಗೂ 'ಬೇಡ' ಎನ್ನುವುದಿಲ್ಲ. ಕೈಯೆತ್ತಿ ಎಂದರೆ ಎಲ್ಲರೂ ಎತ್ತುತ್ತಾರೆ, ಮನೆಗೆ ಹೋದ ಮೇಲೆ ತಕರಾರು ತೆಗೆಯುತ್ತಾರೆ. ಇದನ್ನು ಕಂಡು ಮೇಡಂ ವರ್ಮಾಂಟಿನ ಇನ್ನೊಂದು ಪದ್ಧತಿ ತಂದರು. ಅಲ್ಲಿ ಅನುಮಾನ ಬಂದರೆ ಸಭೆಯನ್ನೇ ಇಬ್ಭಾಗ ಮಾಡುತ್ತಾರೆ. ಬೇಕು ಎನ್ನುವವರು ಎದ್ದು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ. ಎಲ್ಲರ ಕಣ್ಣೆದುರು ತಲೆ ಎಣಿಸುವುದು. ಆ ವರ್ಷದ ವಿಷಯ ಗಣೇಶನ ಪೆಂಡಾಲನ್ನು ರಸ್ತೆ ಮಧ್ಯದಿಂದ ಪಾರ್ಕಿಗೆ ಸ್ಥಳಾಂತರಿಸುವುದು. ಮೇಡಂ, 'ಪಾರ್ಕಲ್ಲಿ ಅನ್ನೋರು ಈ ಕಡೆ ಬನ್ನಿ,' ಎಂದರು. ಸಭೆಗೆ ಸಭೆಯೇ ಎದ್ದು ಆ ಕಡೆ ಬಂತು. ಅಣ್ಣತಮ್ಮಂದಿರು ಕೂಡ! ವರ್ಷಗಳ ಜಗಳ ಒಂದೇ ನಿಮಿಷದಲ್ಲಿ ಬಗೆಹರಿಯಿತೆಂದು ನಾನು ಖುಷಿಯಿಂದ ಬರೆದುಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಅರ್ಧ ರಸ್ತೆ ನಿಂತಿತ್ತು. 'ಪಾರ್ಕಲ್ಲಿ ಇಡೋಕೆ ನಾವು ಒಪ್ಪಿಲ್ಲ ಸಾರ್.'

'ಮತ್ತೆ ನಿನ್ನೆ ಯಾಕ್ರೀ ಆ ಕಡೆ ಹೋದ್ರಿ?'

'ಸೆಕೆ ಅಲ್ವಾ ಸಾರ್?'

ಸಭೆ ನಡೆಯುವ ಸಂಘದ ಹಾಲಿನಲ್ಲಿ ಇದ್ದದ್ದು ಒಂದೇ ಫ್ಯಾನು. ಅದು ಬಾಗಿಲಿನ ಕಡೆ. ಕಿಟಕಿ ಕಡೆಗೆ ಕೊಕ್ಕೆ ಮಾತ್ರವಿತ್ತು. ಊಟವಾದ ಮೇಲೆ ಪಡುವಣ ಬಿಸಿಲು ಆ ಕಿಟಕಿಯಿಂದ ನೇರವಾಗಿ ಒಳಗೆ ಬಂದು ನೆಲ ಕಾಯುತ್ತದೆ. ಎಲ್ಲರೂ ಫ್ಯಾನಿನ ಕೆಳಗೆ ಬಂದು ನಿಂತಿದ್ದರು, ಅಷ್ಟೆ. ಈ ಸುದ್ದಿ ಹೇಳಿದಾಗ ಮೇಡಂ ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೊಸ ನಿಯಮ ಮಾಡಿದರು. ಯಾವ ವಿಷಯವೇ ಇರಲಿ, ಬೇಕು ಎನ್ನುವವರು ಕಿಟಕಿ ಕಡೆಗೆ ಹೋಗಬೇಕು. ಬೇಡ ಎನ್ನುವವರು ಫ್ಯಾನಿನ ಕೆಳಗೇ ಇರಬಹುದು. 'ಅಲ್ಲಿನ ಜನ ಹಿಮದಲ್ಲಿ ಬಂದು ಕೈಯೆತ್ತುತ್ತಾರೆ. ನಮ್ಮೋರು ಸ್ವಲ್ಪ ಬೆವರಲಿ. ಬೆವರಿದ್ರೂ ಬೇಕು ಅನ್ಸಿದ್ರೆ ಅದು ನಿಜವಾಗ್ಲೂ ಬೇಕು.' ಗಣೇಶನಿಗೆ ಮತ್ತೆ ವೋಟಾಯಿತು. ಅವನು ರಸ್ತೆ ಮಧ್ಯದಲ್ಲೇ ಉಳಿದ.

ಇಷ್ಟೆಲ್ಲ ಮಾಡಿದ ಅವರಿಗೆ ಆ ಹಾಲಿನಲ್ಲಿ ವೋಟಿರಲಿಲ್ಲ. ಅದು ಅವರಿಗೆ ಎಷ್ಟು ಕೊರೆಯುತ್ತಿತ್ತೆಂದು ನಮಗೆ ಗೊತ್ತಾದದ್ದು ಒಂದು ಚುನಾವಣೆಯ ದಿನ. ಶಾಲೆಯ ಮತಗಟ್ಟೆಯಿಂದ ಬರುತ್ತಿದ್ದವರು ನಮ್ಮ ಗೇಟಿನ ಹತ್ತಿರ ನಿಂತು ಬೆರಳಿನ ಶಾಯಿ ತೋರಿಸಿದರು. 'ಪಾರ್ಲಿಮೆಂಟ್ ಕಟ್ಟೋಕೆ ನನ್ನ ವೋಟು ಬೇಕು. ಪಾರ್ಕ್ ಬೆಂಚಿಗೆ ಬೇಡ್ವಾ?' ಎಂದರು. ನಗುತ್ತಲೇ ಹೇಳಿದರು. ಆದರೆ ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತರು. ನನ್ನ ಹತ್ತಿರ ಉತ್ತರವಿತ್ತು, ಹೇಳಲಿಲ್ಲ. ಬಾಡಿಗೆಯವರು ಹನ್ನೊಂದು ತಿಂಗಳಿಗೆ ಬಂದು ಹೋಗುವವರು. ಬೋರ್‌ವೆಲ್ ಕೆಟ್ಟರೆ ಖರ್ಚು ನಮ್ಮದು. ನಮ್ಮ ಮೇಲಿನ ಮನೆಯವರಿಗೂ ನಮಗೂ ಒಂದೇ ತೂಕವೇ? ಆ ವಾದದಲ್ಲಿ ತಿರುಳೇ ಇಲ್ಲವೆಂದು ಈಗಲೂ ನಾನು ಹೇಳುವುದಿಲ್ಲ.

ನನ್ನ ಹೆಂಡತಿ ಮಾತ್ರ ಪ್ರತಿ ಮಾರ್ಚಿನಲ್ಲೂ ಒಂದೇ ವಿಷಯ ಅಂಟಿಸುತ್ತಿದ್ದಳು: ಇಲ್ಲಿ ವಾಸವಿರುವ ಪ್ರತಿ ಸಂಸಾರಕ್ಕೆ ಒಂದು ವೋಟು, ಇಲ್ಲಿ ವಾಸವಿಲ್ಲದವರಿಗೆ ಇಲ್ಲ. ಪ್ರತಿ ಮಾರ್ಚಿನಲ್ಲೂ ಅವಳೂ ಇನ್ನು ಕೆಲವರೂ ಕಿಟಕಿ ಕಡೆ ನಿಂತು ಬೆವರುತ್ತಿದ್ದರು, ಮಿಕ್ಕವರು ಫ್ಯಾನಿನ ಕೆಳಗೆ ತಣ್ಣಗಿರುತ್ತಿದ್ದರು. ಮೇಡಂ ಎರಡೂ ಕಡೆಗೆ ಸೇರದೆ ಮೇಜಿನ ಹಿಂದೆ ನಿಂತು, 'ನಿರ್ಣಯ ಬಿದ್ದಿದೆ' ಎಂದು ಕುಟ್ಟಾಣಿ ಬಡಿಯುತ್ತಿದ್ದರು. ಬೇರೆ ನಿರ್ಣಯಗಳಿಗೆ ಬಡಿಯುವಷ್ಟೇ ಜೋರು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಸಪ್ಪಗಿದ್ದರೆ ಅವರೇ ಸಮಾಧಾನ ಹೇಳುತ್ತಿದ್ದರು. 'ಹೋದ್ಸಲಕ್ಕಿಂತ ಇಬ್ರು ಜಾಸ್ತಿ ಬೆವರಿದ್ರು, ನೋಡ್ದೆ ತಾನೆ?'

ಎರಡು ವರ್ಷದ ಹಿಂದೆ ಒಂದು ಘಟನೆ ನಡೆಯಿತು. ಸಂಘದ ಹಾಲಿನ ಮುಂದಿನ ಖಾಲಿ ಜಾಗವನ್ನು ಒಂದು ಕೊರಿಯರ್ ಕಂಪನಿಗೆ ಬಾಡಿಗೆ ಕೊಡಬೇಕೆಂಬ ವಿಷಯ ಬಂತು. ಯಜಮಾನರು ಬೇಡವೆಂದರು. ಸಂಜೆ ಹೊತ್ತು ಅವರೂ ಅವರ ಓರಗೆಯವರೂ ಕೂರುವ ಜಾಗ ಅದು. ಆದರೆ ನಮ್ಮ ರಸ್ತೆಯ ಎಷ್ಟೋ ಮಾಲೀಕರು ಮನೆ ಬಾಡಿಗೆಗೆ ಕೊಟ್ಟು ತಾವು ಬೇರೆ ಬಡಾವಣೆಗಳಲ್ಲಿದ್ದಾರೆ. ಅವರು ತಮ್ಮ ಪರವಾಗಿ ವೋಟು ಹಾಕಲು ಕಾಗದ ಬರೆದು ಕೊಟ್ಟು ನೆಂಟರನ್ನೋ ಡ್ರೈವರನ್ನೋ ಕಳಿಸಿದರು. ಅಂಥ ಒಬ್ಬ ಡ್ರೈವರ್ ಕಿಟಕಿ ಕಡೆ ನಿಂತವನು ಪಕ್ಕದವರನ್ನು, 'ಯಾವ್ದಕ್ಕಣ್ಣ ಇದು ವೋಟು?' ಎಂದು ಕೇಳಿದ. ನಿರ್ಣಯ ಗೆದ್ದಿತು. ಮಾರನೆಯ ವಾರದಿಂದ ಆ ಜಾಗದಲ್ಲಿ ವ್ಯಾನುಗಳು ನಿಂತವು. ಯಜಮಾನರು ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ತಮ್ಮ ಮನೆಯ ಗೇಟಿನೊಳಗೆ ಹಾಕಿಕೊಂಡರು.

ಹೋದ ವರ್ಷದ ಸಭೆಗೆ ಸ್ವಲ್ಪ ದಿನ ಮುಂಚೆ ನನ್ನ ಹೆಂಡತಿ ಎದುರು ಮನೆಯಿಂದ ಕಣ್ಣು ಕೆಂಪು ಮಾಡಿಕೊಂಡು ಬಂದಳು. ಮೇಡಂ ಇದ್ದ ಮನೆಯ ಮಾಲೀಕರು ಹಳೆಯದನ್ನು ಕೆಡವಿ ನಾಲ್ಕಂತಸ್ತು ಏರಿಸಲು ಹೊರಟಿದ್ದರು. ಯುಗಾದಿ ಕಳೆದ ಮೇಲೆ ಖಾಲಿ ಮಾಡಬೇಕು. ಮಲ್ಲತ್ತಹಳ್ಳಿ ಕೆರೆ ಹತ್ತಿರ ಒಂದು ಮನೆ ನೋಡಿದ್ದಾರಂತೆ.

'ಹಾಗಾದ್ರೆ ಇದೇ ಕೊನೇ ಸಭೆ,' ಎಂದೆ. 'ಎಲ್ರಿಗೂ ಹೇಳೋಣ. ಇಷ್ಟು ವರ್ಷ ಇದ್ದು ಹೋಗ್ತಿದ್ದಾರೆ ಅಂದ್ರೆ ಜನ ಕರಗ್ತಾರೆ. ಈ ಸಲ ನಿನ್ನ ನಿರ್ಣಯ ಪಾಸಾಗತ್ತೆ.'

ನಾನೇ ಈ ಮಾತು ಆಡಿದೆನೆಂದು ನನಗೇ ಆಶ್ಚರ್ಯವಾಯಿತು. ಮೇಡಂ ಹೋಗುತ್ತಾರೆ ಎಂದ ಕೂಡಲೇ ನನ್ನ ಬೋರ್‌ವೆಲ್ ವಾದವೆಲ್ಲ ಹಿಂದೆ ಸರಿದು, ಅವರು ಒಂದು ಸಲವಾದರೂ ವೋಟು ಹಾಕಿ ಹೋಗಲಿ ಎಂಬ ಆಸೆಯೊಂದೇ ಉಳಿದಿತ್ತು.

'ಹೇಳೋ ಹಾಗಿಲ್ಲ,' ಎಂದಳು ಹೆಂಡತಿ. 'ಆಣೆ ಹಾಕಿಸ್ಕೊಂಡಿದ್ದಾರೆ. ಕನಿಕರದ ವೋಟು ಬೇಡ್ವಂತೆ. ನಾನು ಹೋಗ್ತೀನಿ ಅಂತ ಕೊಟ್ರೆ ಅದು ಬೀಳ್ಕೊಡುಗೆ ಶಾಲು, ವೋಟಲ್ಲ ಅಂದ್ರು.'

ಮಾರ್ಚ್ ಮೊದಲ ಭಾನುವಾರ ಎಂದಿನಂತೆ ಬಂತು. ಎಂದಿನಂತೆ ಮೊಸರನ್ನದಲ್ಲಿ ಶುಂಠಿ. ಬಿಸಿಲು ಎಂದಿಗಿಂತ ಜಾಸ್ತಿ. ಊಟವಾದ ಮೇಲೆ ಎರಡು ವಿಷಯಗಳು ಉಳಿದಿದ್ದವು: ಮೊದಲನೆಯದು ನನ್ನ ಹೆಂಡತಿಯದು, ಎರಡನೆಯದು ಕಿಟಕಿ ಕಡೆಯ ಕೊಕ್ಕೆಗೆ ಇನ್ನೊಂದು ಫ್ಯಾನು. ಬಾಡಿಗೆಯವರು ಹಿಂದಿನ ಬೆಂಚುಗಳಲ್ಲಿದ್ದರು. ಮಾತಾಡಲು ಅವರಿಗೆ ಅವಕಾಶವಿತ್ತು, ವೋಟಿಗೆ ಇರಲಿಲ್ಲ. ಮೇಡಂ ಮೊದಲ ವಿಷಯ ಓದಿದರು. ದನಿಯಲ್ಲಿ ಏರಿಳಿತವಿಲ್ಲ. ಕೈಗಡಿಯಾರವನ್ನು ಮಣಿಕಟ್ಟಿನ ಒಳಭಾಗಕ್ಕೆ ಕಟ್ಟುವ ಅಭ್ಯಾಸ ಅವರಿಗೆ. ಅವತ್ತು ಅದನ್ನು ಸುಮ್ಮಸುಮ್ಮನೆ ತಿರುಗಿಸುತ್ತಿದ್ದುದು ನನಗೆ ಕಂಡಿತು.

ಯಾರೋ ಎದ್ದು ಹನ್ನೊಂದು ತಿಂಗಳ ವಾದ ಮಾಡಿದರು. ನನ್ನ ವಾದವೇ. ಇನ್ನೊಬ್ಬರ ಬಾಯಲ್ಲಿ ಅದು ಅಷ್ಟು ಚೆನ್ನಾಗಿ ಕೇಳಿಸಲಿಲ್ಲ. ಆಗ ಹಿಂದಿನ ಬೆಂಚಿನಿಂದ ನಮ್ಮ ಮೇಲಿನ ಮನೆಯಾಕೆ ಎದ್ದಳು. ಅಷ್ಟು ವರ್ಷದಲ್ಲಿ ಆಕೆ ಸಭೆಯಲ್ಲಿ ಬಾಯಿ ತೆರೆದದ್ದೇ ಇಲ್ಲ. ನಿಯಮದಂತೆ ಮೇಡಂ ಮುಖವನ್ನೇ ನೋಡುತ್ತ, 'ಮೇಡಂ, ಇವ್ರಿಗೆಲ್ಲಾ ಒಂದ್ ಮಾತು ಕೇಳಿ,' ಎಂದಳು. 'ನಮ್ ಪುಳಿಯೋಗರೆ ಆಗತ್ತೆ. ನಮ್ ವೋಟು ಆಗಲ್ವಾ?' ಕೂತುಬಿಟ್ಟಳು. ಪುಳಿಯೋಗರೆ ಪಾತ್ರೆ ಆಗಲೇ ಖಾಲಿಯಾಗಿ ಮೂಲೆಯಲ್ಲಿತ್ತು.

'ಬೇಕು ಅನ್ನೋರು ಕಿಟಕಿ ಕಡೆ,' ಎಂದರು ಮೇಡಂ.

ನನ್ನ ಹೆಂಡತಿ ಹೋದಳು. ಎಂದಿನವರು ಹೋದರು. ಹೊಸದಾಗಿ ಕೆಲವರು ಎದ್ದರು. ಅಣ್ಣತಮ್ಮಂದಿರಲ್ಲಿ ತಮ್ಮ ಹೋದ, ಅಣ್ಣ ವಾಡಿಕೆಯಂತೆ ಫ್ಯಾನಿನ ಕೆಳಗೆ ಉಳಿದ. ಕಾಗದ ಹಿಡಿದ ಡ್ರೈವರೂ ಅಲ್ಲೇ ಇದ್ದ. ನಾನು ತಲೆ ಎಣಿಸಿದೆ. ಕಿಟಕಿ ಕಡೆ ಒಂದು ತಲೆ ಕಡಿಮೆ.

ಯಜಮಾನರು ಇನ್ನೂ ಕುರ್ಚಿಯಲ್ಲೇ ಕೂತಿದ್ದರು. ನೆಲದ ಮೇಲಿನ ಬಿಸಿಲನ್ನು ನೋಡುತ್ತಿದ್ದರು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದರು.

'ಮೇಡಂ, ಒಂದ್ ಮಾತು. ಈ ನೆಲದಲ್ಲಿ ನಮ್ಮಪ್ಪ ರಾಗಿ ಬೆಳೀತಿದ್ದ. ಮಣ್ಣು ಯಾರ್ದೋ ಮಾತು ಅವರ್ದು ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಹೋದ್ ವರ್ಷ ನನ್ ಸೋಲ್ಸಿದ್ದು ಯಾರು? ಈ ರಸ್ತೇಲಿ ಒಂದಿನ ಮಲಗಿ ಎದ್ದಿಲ್ದೋರು. ಆ ಹಿಂದಿನ್ ಬೆಂಚಲ್ಲಿ ಕೂತೋರು ದಿನಾ ನನ್ನ ಎದುರ್ಗಡೆ ಓಡಾಡ್ತಾರೆ, ಯಜಮಾನ್ರೇ ಊಟ ಆಯ್ತಾ ಅಂತಾರೆ. ಸೋತ್ರೆ ಇನ್ಮೇಲೆ ಅವ್ರ್ ಕೈಲಿ ಸೋಲ್ತೀನಿ ಬಿಡಿ.'

ನಿಧಾನವಾಗಿ ನಡೆದು ಹೋಗಿ ಬಿಸಿಲಿನಲ್ಲಿ ನಿಂತರು. ಈಗ ಎರಡೂ ಕಡೆ ಸಮ. ನಿರ್ಣಯ ಗೆಲ್ಲಬೇಕಾದರೆ ಇನ್ನೊಬ್ಬರು ಬರಬೇಕು. ಮೇಡಂ ಕುಟ್ಟಾಣಿ ಎತ್ತಿದರು. ಇನ್ನು ಬಡಿಯುತ್ತಾರೆ ಎನ್ನುವಷ್ಟರಲ್ಲಿ ಫ್ಯಾನಿನ ಕೆಳಗಿನಿಂದ ಅಣ್ಣನ ದನಿ ಬಂತು.

'ಮೇಡಂ, ಅವನಿಗೆ ಹೇಳಿ, ಸ್ವಲ್ಪ ಜರುಗಲಿ. ನಂಗೂ ಅಲ್ಲಿ ಜಾಗ ಬೇಕು.'

ಮೇಡಂ ತಮ್ಮನ ಕಡೆ ತಿರುಗಿ, 'ಸ್ವಲ್ಪ ಜರುಗ್ಬೇಕಂತೆ,' ಎಂದರು. ತಮ್ಮ ಜರುಗಿದ. ಅಣ್ಣ ಬಂದು ಪಕ್ಕದಲ್ಲಿ ನಿಂತ.

'ನಿರ್ಣಯ ಗೆದ್ದಿದೆ.' ಕುಟ್ಟಾಣಿ ಬಡಿಯಿತು, ಬೇರೆ ನಿರ್ಣಯಗಳಿಗೆ ಬಡಿಯುವಷ್ಟೇ ಜೋರು. ಹಿಂದಿನ ಬೆಂಚುಗಳಿಂದ ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಅಳುತ್ತಿದ್ದಳು. ನಾನು ಬರೆದುಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ಎಲ್ಲ ಅಡಗಿದ ಮೇಲೆ ಮೇಡಂ ಕುಟ್ಟಾಣಿಯನ್ನು ನನ್ನ ಹೆಂಡತಿಯ ಕೈಗಿಟ್ಟರು. 'ಸಭೆ ನಡೆಸೋರು ವೋಟು ಹಾಕೋ ಹಾಗಿಲ್ಲ. ಮುಂದಿನ ವಿಷಯ ನೀನು ನಡೆಸು. ನಂಗೆ ಸ್ವಲ್ಪ ಕೆಲಸ ಇದೆ,' ಎಂದು ಮೇಜಿನ ಹಿಂದಿನಿಂದ ಈಚೆ ಬಂದರು.

ಉಳಿದದ್ದು ಎರಡನೆಯ ಫ್ಯಾನು. ಅದಕ್ಕೆ ಚರ್ಚೆಯೇ ಬೇಕಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ ಜನ ಕರೆಯುವ ಮುಂಚೆಯೇ ಕಿಟಕಿ ಕಡೆ ಸೇರಿದರು. ಯಜಮಾನರು, ಅಣ್ಣತಮ್ಮಂದಿರು, ಮೊದಲ ಸಲ ಎದ್ದು ನಿಂತ ಬಾಡಿಗೆಯವರು, ಪುಳಿಯೋಗರೆಯಾಕೆ, ಎಲ್ಲರೂ ಆ ಕಡೆ. ಮೇಡಂ ನೆಟ್ಟಗೆ ನಡೆದು ಹೋಗಿ ಫ್ಯಾನಿನ ಕೆಳಗೆ ನಿಂತರು. ಒಬ್ಬರೇ. ಸೆರಗು ಗಾಳಿಗೆ ಹಾರುತ್ತಿತ್ತು.

'ಮೇಡಂ, ಆ ಕಡೆ ಬೇಡ ಅನ್ನೋರು,' ಎಂದು ನಾನು ಎಚ್ಚರಿಸಿದೆ. ಅಷ್ಟು ವರ್ಷ ಮೇಜಿನ ಹಿಂದೆ ಇದ್ದವರಿಗೆ ಗೊಂದಲವಾಗಿರಬೇಕು ಎಂದುಕೊಂಡೆ.

'ಗೊತ್ತು ಕಣ್ರೀ. ಆ ನಿಯಮ ಮಾಡಿದ್ದೇ ನಾನು,' ಎಂದರು. 'ನಂಗೆ ಈ ಫ್ಯಾನ್ ಬೇಡ. ಎರಡೂ ಕಡೆ ಗಾಳಿ ಬಂದ್ರೆ ಯಾರು ಮನಸ್ಸಿಂದ ನಿಂತಿದ್ದಾರೆ ಅಂತ ಹೇಗೆ ಗೊತ್ತಾಗತ್ತೆ?'

ನನ್ನ ಹೆಂಡತಿ ತನ್ನ ಗುರುಗಳ ಮುಖ ನೋಡಿದಳು, ಎದುರಿಗೆ ನಿಂತ ಜನರನ್ನು ನೋಡಿದಳು, ಕುಟ್ಟಾಣಿ ಬಡಿದಳು. 'ವಿರುದ್ಧ ಒಂದು. ಫ್ಯಾನ್ ಬರತ್ತೆ.'

'ಆ ಒಂದನ್ನ ಸರಿಯಾಗಿ ಬರ್ಕೊಳ್ಳಿ, ಸೆಕ್ರೆಟರಿಗಳೇ,' ಎಂದರು ಮೇಡಂ. ಮುಖದಲ್ಲಿ ಆ ನಗು! ಎಷ್ಟೋ ಜನ ಗೆದ್ದದ್ದನ್ನು ನೋಡಿದ್ದೇನೆ, ಅಷ್ಟು ಸಂತೋಷವಾಗಿ ಸೋತವರನ್ನು ನಾನು ಕಂಡಿಲ್ಲ. ಮನೆಗೆ ಬರುವಾಗ ರಸ್ತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ 'ಸೋತೆ ಕಣ್ರೀ, ಸೋತೆ,' ಎಂದು ಹೇಳಿಕೊಂಡು ಬಂದರು.

ಯುಗಾದಿ ಕಳೆದ ಮೇಲೆ ಲಾರಿ ಬಂದಾಗಲೇ ರಸ್ತೆಗೆ ವಿಷಯ ತಿಳಿದದ್ದು. ಯಜಮಾನರು ನನ್ನನ್ನು ಹಿಡಿದುಕೊಂಡು, 'ನೀವ್ ಮೊದಲೇ ಹೇಳ್ಬಾರ್ದಾ?' ಎಂದು ರೇಗಿದರು. ಕುಟ್ಟಾಣಿಯನ್ನು ಮೇಡಂ ಸಂಘಕ್ಕೇ ಬಿಟ್ಟು ಹೋದರು.

ಈ ಮಾರ್ಚಿನಲ್ಲಿ ನಮ್ಮ ಸಭೆ ಎರಡು ಫ್ಯಾನಿನ ಕೆಳಗೆ ನಡೆಯಿತು. ಕೊರಿಯರ್ ವ್ಯಾನುಗಳ ಜಾಗ ವಾಪಸು ಪಡೆಯಬೇಕೆಂಬ ವಿಷಯ ಬಂದಿತ್ತು. ಎರಡೂ ಕಡೆ ಒಂದೇ ಸಮ ಗಾಳಿ. ಜನ ಹೇಗೆ ನಿಲ್ಲುತ್ತಾರೋ ಎಂದು ನನಗೆ ಆತಂಕವಿತ್ತು. ನನ್ನ ಹೆಂಡತಿ ಕರೆದಾಗ ಒಬ್ಬೊಬ್ಬರೇ ಎದ್ದರು, ಸ್ವಲ್ಪ ಯೋಚಿಸಿದರು, ತಮಗೆ ಸರಿ ಕಂಡ ಕಡೆಗೆ ಹೋದರು. ಪುಳಿಯೋಗರೆಯಾಕೆ ಕಿಟಕಿ ಕಡೆ, ಅವಳ ಪಕ್ಕದ ಮನೆಯವರು ಬಾಗಿಲ ಕಡೆ. ಮರುದಿನ ಯಾರೂ ನಮ್ಮ ಗೇಟಿಗೆ ಬಂದು ಮಾತು ತಿರುಗಿಸಲಿಲ್ಲ. ಯಜಮಾನರ ಕುರ್ಚಿ ಈಗ ಹಳೆಯ ಜಾಗದಲ್ಲಿದೆ.

ಇದನ್ನೆಲ್ಲ ಹೇಳಲು ಮೇಡಂಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

'ಹಾಗಾದ್ರೆ ನಾನು ಹಾಕಿದ್ದು ತಪ್ಪು ವೋಟು,' ಎಂದರು. ಆ ಸಂತೋಷ ಫೋನಿನಲ್ಲೂ ಕೇಳಿಸುತ್ತಿತ್ತು. 'ಸದ್ಯ, ನಂಗಿದ್ದದ್ದು ಒಂದೇ ಅಲ್ವಾ?'

ಆಮೇಲೆ ದನಿ ತಗ್ಗಿಸಿ, ಕೆರೆ ಹತ್ತಿರದ ರಸ್ತೆಯವರು ತಮ್ಮನ್ನು ಸಭೆ ನಡೆಸಿಕೊಡಿ ಎಂದು ಕೇಳಿದ್ದಾರೆಂದರು. ಅಲ್ಲಿಯೂ ಮಾಲೀಕರಿಗೆ ಮಾತ್ರ ವೋಟಂತೆ.